ಕೌದಿಯಿಂದ ಮರಳಿ ಬಂದ ಸೀರೆ

“ಸರ್, ಎರಡು ಹೆಚ್ಚೂಕಡಿಮಿ ಒಂದೇ ಥರ ಇದ್ರ, ಅವನ್ನ ಒಂದೇ ಅಂತ ಬರದ್ರ ತಪ್ಪೇನ್ರಿ?”

ಹೀಗೆ ಕೇಳಿದವಳು ನೀಲಗಂಗಾ. ಕೇಳಿದ್ದು ತನ್ನ ಗುರುಗಳಾದ ಕೊಣ್ಣೂರ ಸರ್ ಅವರನ್ನು. ಗುರುಗಳು ಎಂದರೆ ಮಠದ ಗುರುಗಳಲ್ಲ. ವಿಶ್ವವಿದ್ಯಾಲಯದಲ್ಲಿ ಅವಳ ಪಿಎಚ್‌ಡಿಗೆ ಮಾರ್ಗದರ್ಶಕರು. ಆದರೂ ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡದೆ ಕತೆ ಹೇಳುವ ಅಭ್ಯಾಸದಲ್ಲಿ ಅವರು ಹಳೆಯ ಕಾಲದ ಗುರುಗಳಿಗೆ ಏನೂ ಕಡಿಮೆ ಇರಲಿಲ್ಲ.

ಇದು ನಡೆದು ಬಹಳ ವರ್ಷಗಳಾದವು. ನೀಲಗಂಗಾಳ ಬೈತಲೆಯ ಎರಡೂ ಬದಿಗೆ ಈಗ ಬಿಳಿ ಕೂದಲು ಬಂದಿದೆ. ಬೇರೊಂದು ಊರಿನಲ್ಲಿ ಅವಳೂ ಪಾಠ ಹೇಳುತ್ತಾಳೆ, ಅವಳಿಗೂ ಶಿಷ್ಯರಿದ್ದಾರೆ. ಆ ಶಿಷ್ಯರಲ್ಲಿ ಯಾರಾದರೂ ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಹಿಂದೆ ಮುಂದೆ ನೋಡಿದರೆ ಅವಳಿಗೆ ತನ್ನ ಆ ಶನಿವಾರದ ಮಧ್ಯಾಹ್ನ ನೆನಪಾಗುತ್ತದೆ. ಯಾಕೆಂದರೆ ಅವಳೂ ಅಂದು ಹಾಗೆಯೇ ನಿಂತಿದ್ದಳು.

ಅವಳು ಓದುತ್ತಿದ್ದ ವಿಷಯದ ಹೆಸರು ಗಣಕ ಜೀವವಿಜ್ಞಾನ. ಜೀವಿಗಳ ಬಗ್ಗೆ ಏಳುವ ಪ್ರಶ್ನೆಗಳಿಗೆ ಕಂಪ್ಯೂಟರಿನ ಲೆಕ್ಕದಿಂದ ಉತ್ತರ ಹುಡುಕುವ ವಿದ್ಯೆ ಅದು. ಹಾಗಾಗಿ ಅವರ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಗೆಗಳು, ಬಣ್ಣದ ನೀರು ಇಂಥದ್ದು ಏನೂ ಇರಲಿಲ್ಲ. ಇದ್ದದ್ದು ಮೂರು ದೊಡ್ಡ ಕಂಪ್ಯೂಟರುಗಳು ಮತ್ತು ಅವುಗಳಿಗಾಗಿ ಹಾಕಿಸಿದ ಒಂದು ಎ.ಸಿ. ಮನುಷ್ಯರಿಗಾಗಿ ಅದನ್ನು ಯಾರೂ ಹಾಕಿಸುತ್ತಿರಲಿಲ್ಲ. ಬೇಸಿಗೆ ಬಂದರೆ ಬೇರೆ ವಿಭಾಗದವರೆಲ್ಲ ಏನಾದರೂ ನೆಪ ಮಾಡಿಕೊಂಡು ಬಂದು, ಚಪ್ಪಲಿ ಹೊರಗೆ ಬಿಟ್ಟು, ಒಳಗೆ ತಣ್ಣಗೆ ಕೂತು ಹೋಗುತ್ತಿದ್ದರು. ಕಂಪ್ಯೂಟರುಗಳಿಗೆ ಹುಡುಗರು ಆ ಸೀಮೆಯ ಹೊಳೆ ಹಳ್ಳಗಳ ಹೆಸರಿಟ್ಟಿದ್ದರು. ದೊಡ್ಡವೆರಡು ಮಲಪ್ರಭಾ, ಘಟಪ್ರಭಾ. ಮೂರನೆಯದು ಹಳೆಯದು, ಕೆಲಸಕ್ಕಿಂತ ಸದ್ದು ಹೆಚ್ಚು. ಅದಕ್ಕೆ ಬೆಣ್ಣಿಹಳ್ಳ ಎಂದು ಹೆಸರು. ಕರೆಂಟು ಹೋದಾಗ ನೀಲಗಂಗಾಳ ಜೊತೆಗಾರ ದಾವಲಸಾಬ ಕೂತಲ್ಲಿಂದಲೇ ಕೂಗಿ ಹೇಳುತ್ತಿದ್ದ, “ಬೆಣ್ಣಿಹಳ್ಳ ಬತ್ತೇತಿ ನೋಡ್ರಿ, ಯಾರರ ಹೋಗಿ ನೀರು ಬಿಡ್ರಿ.”

ಈಗ ಆ ಕೋಣೆ ಇಲ್ಲ. ಅಲ್ಲಿ ಹೊಸ ಕಟ್ಟಡ ಎದ್ದಿದೆಯಂತೆ. ಇನ್ನೊಮ್ಮೆ ಹೋಗಿ ನೋಡಬೇಕು ಎಂದು ನೀಲಗಂಗಾ ಅನೇಕ ಸಲ ಅಂದುಕೊಂಡಿದ್ದಾಳೆ, ಹೋಗಿಲ್ಲ. ಹೋದರೆ ಮನಸ್ಸಿನಲ್ಲಿರುವ ಕೋಣೆಯೂ ಹೋದೀತು ಎಂಬ ಹೆದರಿಕೆ ಅವಳಿಗೆ. ನೆನಪಿರುವುದನ್ನು ಹಾಗೇ ಇರಗೊಡುವುದು ಒಳ್ಳೆಯದು ಎಂದು ಅವಳಿಗೆ ಅನ್ನಿಸುತ್ತದೆ.

ಅವಳು ಕೇಳಿದ ಪ್ರಶ್ನೆ ತಿಳಿಯಬೇಕಾದರೆ ಅವಳ ಕೆಲಸ ಏನಿತ್ತು ಎಂದು ಸ್ವಲ್ಪ ಹೇಳಬೇಕು.

ಎರೆಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ, ಒಂದು ಹಿಡಿ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಎಣಿಸಲಾಗದಷ್ಟು ಇರುತ್ತವೆ. ಅವುಗಳಲ್ಲಿ ಬಹುಪಾಲು ಜೀವಾಣುಗಳನ್ನು ಹಿಡಿದು ತಂದು ಸಾಕಲು ಆಗುವುದಿಲ್ಲ. ಮಣ್ಣು ಬಿಟ್ಟರೆ ಸಾಯುತ್ತವೆ. ಆದ್ದರಿಂದ ಆ ಮಣ್ಣಿನಲ್ಲಿರುವ ಎಲ್ಲ ಜೀವಾಣುಗಳ ಡಿಎನ್‌ಎಯನ್ನು ಒಟ್ಟಿಗೇ ತೆಗೆಯುತ್ತಾರೆ. ಡಿಎನ್‌ಎ ಎಂದರೆ ಪ್ರತಿ ಜೀವಿಯ ಒಳಗೂ ಇರುವ ಒಂದು ಉದ್ದನೆಯ ಬರಹ ಎಂದು ತಿಳಿದುಕೊಂಡರೆ ಸಾಕು. ಆ ಜೀವಿ ಏನು ಮಾಡಬಲ್ಲದು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಓದುವ ಯಂತ್ರಕ್ಕೆ ಈ ಬರಹವನ್ನು ಇಡಿಯಾಗಿ ಓದಲು ಬರುವುದಿಲ್ಲ. ಅದು ಚೂರು ಚೂರಾಗಿ ಓದುತ್ತದೆ, ಯಾವ ಚೂರು ಯಾವ ಜೀವಾಣುವಿನದು ಎಂದು ಹೇಳುವುದೂ ಇಲ್ಲ. ಆ ಚೂರುಗಳ ತುದಿಗೆ ತುದಿ ಹೊಂದಿಸಿ ಮತ್ತೆ ಇಡಿಯಾಗಿ ಕೂಡಿಸುವುದು ಕಂಪ್ಯೂಟರಿನ ಕೆಲಸ. ಕೂಡಿಸಿದ್ದು ಸರಿಯಾಗಿದೆಯೇ ಎಂದು ನೋಡುವುದು ನೀಲಗಂಗಾಳ ಕೆಲಸ.

ಹೀಗೆ ಕೂಡಿಸುತ್ತ ಕೂಡಿಸುತ್ತ ಅವಳಿಗೆ ಒಂದು ಹೊಸ ಜೀವಾಣು ಸಿಕ್ಕಿತ್ತು. ಅದರ ಬರಹ ಮೊದಲಿನಿಂದ ಕೊನೆಯವರೆಗೆ ಒಂದೂ ತೂತಿಲ್ಲದೆ ಕೂಡಿ ಬಂದಿತ್ತು. ಅದರಲ್ಲಿ ಎರಡು ಶಕ್ತಿಗಳು ಇದ್ದವು. ಒಂದು, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡದ ಬೇರಿಗೆ ಉಣಿಸುವ ಶಕ್ತಿ. ಇನ್ನೊಂದು, ಹೊಲಕ್ಕೆ ಹೊಡೆದ ಕ್ರಿಮಿನಾಶಕದ ವಿಷವನ್ನು ಮುರಿದು ತಿಂದುಬಿಡುವ ಶಕ್ತಿ. ಆ ಜಾತಿಯ ಜೀವಾಣುಗಳಲ್ಲಿ ಈ ಎರಡೂ ಒಂದೇ ಮೈಯಲ್ಲಿ ಇದ್ದದ್ದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ದಾವಲಸಾಬ ಅದಕ್ಕೆ ಕರೆವ್ವ ಎಂದು ಹೆಸರಿಟ್ಟ. ಕರಿ ಮಣ್ಣಿನಲ್ಲಿ ಸಿಕ್ಕಿದ್ದು ಎಂದು. “ನೀಲಗಂಗಾ, ನಿನಗಿಂತ ಮೊದಲ ನಿನ್ನ ಕರೆವ್ವನ ಡಾಕ್ಟರ್ ಆಗ್ತಾಳ ನೋಡು,” ಎಂದು ಚಾಷ್ಟಿ ಮಾಡುತ್ತಿದ್ದ. ವಿಭಾಗದ ಹಿರಿಯರು ಕಾರಿಡಾರಿನಲ್ಲಿ ಸಿಕ್ಕರೆ ಅವಳನ್ನು ಕೇಳುವ ಮೊದಲು ಕರೆವ್ವನನ್ನು ಕೇಳುತ್ತಿದ್ದರು. ನೀಲಗಂಗಾಳಿಗೆ ಅದರಿಂದ ಎಷ್ಟು ಸಂತೋಷವಾಗುತ್ತಿತ್ತು ಎಂದರೆ, ಊರಿಗೆ ಹೋದಾಗ ಅವ್ವನ ಮುಂದೆಯೂ ಅದೇ ಮಾತು.

ಪ್ರಬಂಧ ಬರೆದು ಮುಗಿದಿತ್ತು. ಸೋಮವಾರ ಎಲ್ಲರ ಮುಂದೆ ನಿಂತು ಅದನ್ನು ಹೇಳಿ ಒಪ್ಪಿಸಬೇಕಿತ್ತು. ಅಲ್ಲಿ ಒಪ್ಪಿದರೆ ಪ್ರಬಂಧ ಸಲ್ಲಿಸಬಹುದು. ಅವಳ ಫೆಲೋಶಿಪ್ಪೂ ಆ ತಿಂಗಳಿಗೆ ಮುಗಿಯುತ್ತಿತ್ತು. ಅಂದರೆ ತಡ ಮಾಡಲು ಅವಳಿಗೆ ದಾರಿ ಇರಲಿಲ್ಲ.

ಶನಿವಾರ ಬೆಳಿಗ್ಗೆ, ಒಂದು ಚಿತ್ರ ಚಂದ ಕಾಣಲಿ ಎಂದು, ಅವಳು ಚೂರುಗಳನ್ನೆಲ್ಲ ಮತ್ತೊಮ್ಮೆ ಕರೆವ್ವನ ಬರಹದ ಮೇಲೆ ಹರಡಿ ನೋಡಿದಳು. ಆಗ ಕಂಡಿತು. ಬರಹದ ಬಹುಭಾಗದಲ್ಲಿ ಚೂರುಗಳು ದಟ್ಟವಾಗಿ ಕೂತಿದ್ದವು. ಆದರೆ ಸಾರಜನಕ ಹಿಡಿಯುವ ಶಕ್ತಿ ಇದ್ದ ಕಡೆ ಅರ್ಧದಷ್ಟೇ ಚೂರುಗಳು. ವಿಷ ಮುರಿಯುವ ಶಕ್ತಿ ಇದ್ದ ಕಡೆಯೂ ಅರ್ಧದಷ್ಟೇ. ಉಳಿದ ಕಡೆ ಅಲ್ಲಲ್ಲಿ ಒಂದೇ ಜಾಗಕ್ಕೆ ಎರಡು ಬೇರೆ ಬೇರೆ ಅಕ್ಷರಗಳು ಬಂದು ಕೂತಿದ್ದವು. ಕಂಪ್ಯೂಟರು ಅಂಥ ಕಡೆಯೆಲ್ಲ ಹೆಚ್ಚು ಚೂರುಗಳು ಯಾವ ಅಕ್ಷರ ಹೇಳುತ್ತವೋ ಅದನ್ನು ಇಟ್ಟುಕೊಂಡು, ಉಳಿದದ್ದನ್ನು ಬಿಟ್ಟಿತ್ತು. ಹಾಗೆ ಮಾಡು ಎಂದು ಮೊದಲೇ ಅದಕ್ಕೆ ಹೇಳಿಟ್ಟಿರುತ್ತಾರೆ. ಎಲ್ಲರೂ ಮಾಡುವುದು ಹಾಗೆಯೇ.

ಇದರ ಅರ್ಥ ಏನಿರಬಹುದು ಎಂದು ಅವಳಿಗೆ ತಕ್ಷಣ ಹೊಳೆಯಿತು. ಒಂದೇ ಜೀವಾಣುವಿನ ಬರಹವಾಗಿದ್ದರೆ ಚೂರುಗಳು ಎಲ್ಲ ಕಡೆಯೂ ಹೆಚ್ಚೂಕಡಿಮೆ ಸಮನಾಗಿ ಕೂರಬೇಕಿತ್ತು. ಕರೆವ್ವ ಒಬ್ಬಳಲ್ಲದೆ ಇಬ್ಬರಿರಬಹುದು. ಅಕ್ಕತಂಗಿಯರ ಹಾಗೆ ಒಂದೇ ತೆರನಾದ ಎರಡು ಜೀವಾಣುಗಳು. ಒಂದಕ್ಕೆ ಒಂದು ಶಕ್ತಿ, ಇನ್ನೊಂದಕ್ಕೆ ಇನ್ನೊಂದು. ಎರಡನ್ನೂ ಒಂದೇ ಮೈಯಲ್ಲಿ ಹೊತ್ತ ಜೀವಿ ಆ ಮಣ್ಣಿನಲ್ಲಿ ಇಲ್ಲದೆಯೇ ಇರಬಹುದು.

ಅವಳು ದಾವಲಸಾಬನಿಗೂ ಹೇಳಲಿಲ್ಲ. ಕಂಪ್ಯೂಟರಿನ ಪರದೆ ಆರಿಸಿ ಎದ್ದಳು. ಸರ್ ಅವರ ಕೋಣೆಯ ಬಾಗಿಲಲ್ಲಿ ನಿಂತಳು.

ಸರ್ ಗಿರ್ಮಿಟ್, ಅಂದರೆ ಒಗ್ಗರಣೆ ಕಲಸಿದ ಮಂಡಕ್ಕಿ, ತಿನ್ನುತ್ತಿದ್ದರು. ಶನಿವಾರ ಮಧ್ಯಾಹ್ನ ಅವರ ಊಟ ಅದೇ. ಕಾಗದದ ಪೊಟ್ಟಣವನ್ನು ಅವಳ ಕಡೆ ಸರಿಸಿ, “ಬಾ, ಕುಂದರು. ಮುಖ ಯಾಕ ಸಣ್ಣದಾಗೇತಿ?” ಅಂದರು. ಆಗ ಅವಳು ಆ ಪ್ರಶ್ನೆ ಕೇಳಿದಳು. ಪ್ರಶ್ನೆಯನ್ನು ಆದಷ್ಟು ಸಾಮಾನ್ಯ ಪ್ರಶ್ನೆಯ ಹಾಗೆ ಕೇಳಿದಳು, ತನ್ನದಲ್ಲದ್ದರ ಹಾಗೆ.

“ಯಾವ ಎರಡು?” ಅಂದರು ಸರ್.

ನೀಲಗಂಗಾ ಹೇಳಬೇಕಾಯಿತು. ಅರ್ಧ ಅರ್ಧ ಚೂರುಗಳ ಸಂಗತಿ, ಒಂದೇ ಜಾಗದ ಎರಡು ಅಕ್ಷರಗಳ ಸಂಗತಿ, ಎಲ್ಲ ಹೇಳಿದಳು. ಕೊನೆಗೆ, “ಕಂಪ್ಯೂಟರ್ ಒಂದೇ ಅಂತ ಹೇಳೇತ್ರಿ ಸರ್. ನಾ ಹೇಳಿದ್ದಲ್ಲ,” ಎಂದು ಸೇರಿಸಿದಳು.

ಸರ್ ಸಿಟ್ಟಾಗಲಿಲ್ಲ. ಪರದೆ ತೋರಿಸು ಎಂದೂ ಅನ್ನಲಿಲ್ಲ. ಕೈ ಒರೆಸಿಕೊಂಡು, “ನಿಮ್ಮ ಮನ್ಯಾಗ ಕೌದಿ ಐತೇನು?” ಎಂದು ಕೇಳಿದರು.

“ಐತ್ರಿ. ಅಮ್ಮ ಹೊಲಿದದ್ದು.” ಅಮ್ಮ ಎಂದರೆ ಅವರ ಮನೆಯಲ್ಲಿ ಅಜ್ಜಿ.

ಕೌದಿ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಅದು ಹಳೆಯ ಸೀರೆ, ಧೋತರ, ಕುಬಸಗಳನ್ನು ತುಂಡು ಮಾಡಿ, ಒಂದರ ಮೇಲೊಂದು ಒಂದರ ಪಕ್ಕ ಒಂದು ಇಟ್ಟು, ಕೈಯಿಂದ ಸಾಲುಸಾಲಾಗಿ ಹೊಲಿದು ಮಾಡುವ ಹೊದಿಕೆ. ಆ ಸೀಮೆಯಲ್ಲಿ ಹುಟ್ಟಿದ ಮಕ್ಕಳು ಅದರ ಕೆಳಗೇ ಬೆಳೆಯುತ್ತಾರೆ. ಬೆಚ್ಚಗೆ ಮಲಗಿ ತುಂಡುಗಳ ಮೇಲೆ ಬೆರಳಾಡಿಸುತ್ತ ಇದು ಯಾರದು, ಅದು ಯಾರದು ಎಂದು ಕೇಳುವುದು ಮಕ್ಕಳ ಆಟ.

ಸರ್ ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಹರಿದ ಬಟ್ಟೆಯನ್ನು ಹರಿದೇ ಇಲ್ಲವೇನೋ ಎಂಬಂತೆ ಕೂಡಿಸುವುದರಲ್ಲಿ ಅವನಿಗೆ ಹೆಸರಿತ್ತು. ಒಂದು ದಿನ ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ಹಳೆಯ ಕೌದಿ ಇಟ್ಟುಕೊಂಡು ಅವನ ಅಂಗಡಿಗೆ ಬಂದಳು.

“ಎಲ್ಲಿ ಹರದೈತಿ ತೋರಸವಾ, ಹೊಲದು ಕೊಡ್ತೀನಿ,” ಅಂದ ದರ್ಜಿ.

“ಹೊಲಿಯೋದಲ್ಲಣ್ಣ, ಇದನ್ನ ಬಿಚ್ಚಬೇಕು,” ಅಂದಳು ಆಕೆ.

ಆಕೆ ತೊಟ್ಟಿಲಲ್ಲಿದ್ದಾಗಲೇ ಆಕೆಯ ತಾಯಿ ತೀರಿಕೊಂಡಿದ್ದಳು. ಮುಖ ನೆನಪಿಲ್ಲ. ಆ ಕಾಲದಲ್ಲಿ ಫೋಟೋ ತೆಗೆಸುವವರೂ ಇರಲಿಲ್ಲ. ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಮಗುವನ್ನು ಬಿಟ್ಟು ತಾಯಿ ಹೋದರೆ, ಆಕೆ ಉಟ್ಟ ಸೀರೆಯನ್ನು ಬೇರೆ ಯಾರಿಗೂ ಉಡಲು ಕೊಡುತ್ತಿರಲಿಲ್ಲ. ಅದನ್ನು ತುಂಡು ಮಾಡಿ ಕೌದಿಯಲ್ಲಿ ಸೇರಿಸಿ ಮಗುವಿಗೆ ಹೊದಿಸುತ್ತಿದ್ದರು. ಹಾಗೆ ಹೊಲಿದ ಕೌದಿ ಅದು. ಆಕೆಗೆ ಗೊತ್ತಿದ್ದದ್ದು ಇಷ್ಟೇ, ದಾಳಿಂಬೆ ಬಣ್ಣದ ತುಂಡುಗಳೆಲ್ಲ ತಾಯಿಯವು.

“ಅವ್ವನ್ನಂತೂ ನೋಡಲಿಲ್ಲ. ಆಕಿ ಉಟ್ಟ ಸೀರೀನರ ಇಡಿಯಾಗಿ ಒಮ್ಮೆ ಕಣ್ಣಿಲೆ ನೋಡಬೇಕು. ಮಾಡಿ ಕೊಡು,” ಅಂದಳು ಆಕೆ.

ಇಂಥ ಕೆಲಸವನ್ನು ದರ್ಜಿ ಎಂದೂ ಮಾಡಿರಲಿಲ್ಲ. ಆದರೆ ಒಪ್ಪಿಕೊಂಡ. ಕೌದಿಯ ಹೊಲಿಗೆಯನ್ನೆಲ್ಲ ಬಿಚ್ಚಿದ. ಧೋತರದ ತುಂಡುಗಳನ್ನು ಒಂದು ಕಡೆ ಇಟ್ಟ, ಕುಬಸದ ತುಂಡುಗಳನ್ನು ಇನ್ನೊಂದು ಕಡೆ. ದಾಳಿಂಬೆ ಬಣ್ಣದವನ್ನು ಮಾತ್ರ ಮುಂದೆ ಹರಡಿಕೊಂಡ. ಅಂಚಿಗೆ ಅಂಚು ಹೊಂದಿಸಿದ. ಒಂದು ತುಂಡಿನಲ್ಲಿ ಮಾಸಿದ ಗೆರೆ ಪಕ್ಕದ ತುಂಡಿನಲ್ಲಿ ಮುಂದುವರಿದರೆ ಅವೆರಡನ್ನು ಕೂಡಿಸಿದ. ನೇಯ್ಗೆಯ ಎಳೆ ಎಳೆ ನೋಡಿದ. ಬಿಸಿಲು ಇರುವವರೆಗೆ ಕೂತು ಮಾಡುತ್ತಿದ್ದ. ದಿನ ಕಳೆದಂತೆ ಸೀರೆ ಬೆಳೆಯಿತು.

ಹೀಗೆ ಕೂಡಿಸುತ್ತಿದ್ದಾಗ ಅವನಿಗೆ ಒಂದು ತೊಡಕು ಕಂಡಿತು. ಕೆಲವು ಜಾಗಕ್ಕೆ ಎರಡೆರಡು ತುಂಡುಗಳು ಹೊಂದುತ್ತಿದ್ದವು. ಸೆರಗಿನಲ್ಲಿ ಜೋಳದ ತೆನೆಯ ಹಾಗೆ ನೇಯ್ದ ಸಾಲು ಇರುತ್ತದಲ್ಲ, ಆ ತೆನೆಗಳು ಒಂದು ಸೆರಗಿಗೆ ಬೇಕಾದ್ದಕ್ಕಿಂತ ಹೆಚ್ಚಿದ್ದವು. ದರ್ಜಿ ಎರಡು ತುಂಡುಗಳನ್ನು ಎರಡು ಕೈಯಲ್ಲಿ ಹಿಡಿದು ನೋಡಿದ. ಬಣ್ಣ ಒಂದೇ. ಅಂಚು ಒಂದೇ. ನೇಯ್ದ ಕೈಯೂ ಒಂದೇ. ಇವನ್ನು ಎರಡು ಎನ್ನಲು ಕಾರಣ ಏನಿದೆ ಎಂದು ತನ್ನನ್ನೇ ಕೇಳಿಕೊಂಡ. ಹೊರಗೆ ಕಟ್ಟೆಯ ಮೇಲೆ ಆ ಹೆಣ್ಣುಮಗಳು ದಿನಾ ಬಂದು ಕೂತು ಹೋಗುತ್ತಿದ್ದಳು, ಎಷ್ಟಾಯಿತು ಎಂದು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ದರ್ಜಿ ಹೆಚ್ಚು ಬಣ್ಣ ಉಳಿದ ತುಂಡನ್ನು ಮೇಲೆ ಇಟ್ಟ. ಮಾಸಿದ ತುಂಡನ್ನು ಅದರ ಕೆಳಗೆ ಆಸರೆಗೆಂದು ಇಟ್ಟು ಹೊಲಿದ.

“ಆಂವಾ ಸುಳ್ಳು ಹೇಳಬೇಕಂತ ಮಾಡಲಿಲ್ಲ, ಮತ್ತ,” ಎಂದರು ಸರ್, ಕತೆ ನಿಲ್ಲಿಸಿ. “ಅದನ್ನ ತಪ್ಪು ತಿಳೀಬ್ಯಾಡ. ಆಂವಗ ಸೀರಿ ಆಗಬೇಕಿತ್ತು, ಅಷ್ಟ.”

ನೀಲಗಂಗಾ ಗಿರ್ಮಿಟ್ಟಿನ ಪೊಟ್ಟಣವನ್ನೇ ನೋಡುತ್ತಿದ್ದಳು. ಸರ್ ಮುಂದುವರಿಸಿದರು.

ಸೀರೆ ಮುಗಿಯಿತು. ಎಲ್ಲೂ ತೂತಿಲ್ಲ, ಎಲ್ಲೂ ಕೊರತೆ ಇಲ್ಲ. ದರ್ಜಿ ಅದನ್ನು ಹಗ್ಗದ ಮೇಲೆ ಹರವಿ ಹೆಣ್ಣುಮಗಳನ್ನು ಕರೆದ. ಆಕೆ ಬಂದು ಅದರ ಮುಂದೆ ನಿಂತಳು. ಆಮೇಲೆ ಸೆರಗು ಹಿಡಿದು ಮುಖಕ್ಕೆ ಒತ್ತಿಕೊಂಡಳು. ದರ್ಜಿಗೂ ಮನಸ್ಸು ತುಂಬಿ ಬಂತು. ಆಕೆಗೆ ಇನ್ನಷ್ಟು ಕೊಡಬೇಕು ಅನ್ನಿಸಿತು. ಸೀರೆಯ ಮಡಿಲಿನ ಭಾಗ ಸವೆದಿತ್ತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವವರ ಸೀರೆ, ಮಗ್ಗದ ದಿಂಡು ಉಜ್ಜಿ ಉಜ್ಜಿ, ಹಾಗೆ ಸವೆಯುತ್ತದೆ. ಕೆಳಗಿನ ಅಂಚಿನಲ್ಲಿ ಮುಳ್ಳು ಗೀರಿದ ಗುರುತುಗಳಿದ್ದವು, ಎರೆಮಣ್ಣಿನ ಕಲೆ ಇತ್ತು. ಅದು ಹೊಲದಲ್ಲಿ ದುಡಿಯುವವರ ಗುರುತು. ಎರಡನ್ನೂ ತೋರಿಸಿ ದರ್ಜಿ ಹೇಳಿದ, “ನಿಮ್ಮವ್ವ ಸಾಮಾನ್ಯದಾಕಿ ಅಲ್ಲವಾ. ಮಗ್ಗಾನೂ ಮಾಡ್ಯಾಳ, ಹೊಲಾನೂ ಮಾಡ್ಯಾಳ. ಇಂಥಾ ಹೆಣಮಗಳನ್ನ ನಾ ಎಲ್ಲೂ ಕಂಡಿಲ್ಲ.”

ಆ ಮಾತು ಊರಲ್ಲೆಲ್ಲ ಹಬ್ಬಿತು. ಜನ ಬಂದು ಸೀರೆ ನೋಡಿ ಹೋದರು. ಮಗಳು ಬಂದವರಿಗೆಲ್ಲ ತಾಯಿಯ ಕತೆ ಹೇಳಿದಳು. ಬೆಳಿಗ್ಗೆ ಹೊಲಕ್ಕೆ ಹೋಗಿ ಬಂದು, ಮಧ್ಯಾಹ್ನ ಮಗ್ಗಕ್ಕೆ ಕೂರುತ್ತಿದ್ದಳು ನನ್ನವ್ವ ಎಂದು ಹೇಳಿದಳು. ಹೇಳುತ್ತ ಹೇಳುತ್ತ ಆಕೆಗೆ ತಾಯಿಯ ನಡಿಗೆ ಕೂಡ ಕಣ್ಣಿಗೆ ಕಟ್ಟಿದಂತಾಯಿತು. ಇಷ್ಟು ವರ್ಷ ಇಲ್ಲದ ತಾಯಿ ಆಕೆಗೆ ಈಗ ಸಿಕ್ಕಿದ್ದಳು.

ನೀಲಗಂಗಾಳಿಗೆ ಇಲ್ಲಿ ಕತೆ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಯಿತು. ಗೊತ್ತಾಗಿದ್ದರಿಂದಲೇ, ಹಾಗೆ ಆಗದಿರಲಿ ಎಂದು ಅವಳು ಆಸೆಪಟ್ಟಳು. ಆ ಮಗಳ ಸಂತೋಷ ಹಾಗೇ ಉಳಿಯಲಿ, ಸರ್ ಇಲ್ಲಿಗೇ ಕತೆ ನಿಲ್ಲಿಸಲಿ ಎಂದು ಅವಳಿಗೆ ಅನ್ನಿಸಿತು. ಸರ್ ನಿಲ್ಲಿಸಲಿಲ್ಲ.

ಆ ತಾಯಿಗೆ ಒಬ್ಬಳು ತಂಗಿ ಇದ್ದಳು. ಅಂದರೆ ಈ ಹೆಣ್ಣುಮಗಳಿಗೆ ಚಿಗವ್ವ. ಅಕ್ಕ ಸತ್ತ ವರ್ಷವೇ ಅವಳನ್ನು ದೂರದ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಬಂದುಹೋಗುವುದು ಕಡಿಮೆಯಾಗಿ, ಕಡೆಗೆ ನಿಂತೇ ಹೋಗಿತ್ತು. ಸೀರೆಯ ಸುದ್ದಿ ಅವಳ ಊರಿಗೂ ಮುಟ್ಟಿತು. ಮುದುಕಿ ಕೋಲು ಊರಿಕೊಂಡು ನೋಡಲು ಬಂದಳು.

ಸೀರೆಯ ಮುಂದೆ ಕೂತಳು. ಕಣ್ಣು ಮಂಜಾಗಿತ್ತು, ಕೈಯಿಂದಲೇ ನೋಡಿದಳು. ಮಡಿಲಿನ ಸವೆದ ಜಾಗ ಸಿಕ್ಕಾಗ, “ಇದು ಅಕ್ಕ,” ಅಂದಳು. ಕೈ ಸರಿಸುತ್ತ ಸರಿಸುತ್ತ ಕೆಳಗಿನ ಅಂಚಿಗೆ ಬಂದಳು. ಮುಳ್ಳು ಗೀರಿದ ಜಾಗದಲ್ಲಿ ಕೈ ನಿಂತಿತು. “ಇದು ನಾನು,” ಅಂದಳು.

ಮಗಳಿಗೆ ತಿಳಿಯಲಿಲ್ಲ. ದರ್ಜಿಗೆ ತಿಳಿಯಿತು, ಅವನು ತಲೆ ತಗ್ಗಿಸಿದ.

“ನಿಮ್ಮವ್ವ ಹೊಲಕ್ಕ ಹೋಗ್ತಿದ್ಲಂತ ಯಾರು ಹೇಳಿದ್ರವಾ?” ಅಂದಳು ಮುದುಕಿ ನಗುತ್ತ. “ಸಣ್ಣಾಕಿದ್ದಾಗಿಂದ ಒಂದು ಕಾಲು ಊರಾಕ ಆಗತಿರಲಿಲ್ಲ ಆಕಿಗೆ. ಅದರ ಮ್ಯಾಲ ಕಪ್ಪಿ ಕಂಡ್ರ ಚೀರತಿದ್ಲು, ಹೊಲಕ್ಕೇನು ಹೋದಾಳು. ಮಗ್ಗ ಬಿಟ್ಟು ಏಳತಿರಲಿಲ್ಲ. ಹೊಲ ನಾ ಮಾಡತಿದ್ನಿ. ಇಬ್ಬರಿಗೂ ಅಂತ ಮಗ್ಗಕ್ಕ ಹಾಕಿದ ಒಂದೇ ಹಾಸಿನ ನೂಲಿನಾಗ ಎರಡು ಸೀರಿ ಆಕೀನ ನೇಯ್ದಿದ್ಲು. ಒಂದು ಆಕಿ ಉಟ್ಲು, ಒಂದು ನಾ ಉಟ್ನಿ.”

ಆಮೇಲೆ ಅವಳು ಮಗಳ ಕೈ ಹಿಡಿದುಕೊಂಡಳು.

“ಆಕಿ ಹೋದ ಮ್ಯಾಲೆ ನಿನಗ ಕೌದಿ ಹೊಲ್ಯಾಕ ಕುಂತ್ವಿ. ಚಳಿಗಾಲ. ಆಕಿದು ಒಂದು ಸೀರಿ ಸಾಲಲಿಲ್ಲ. ನೀ ಅಳತಿದ್ದಿ. ನಂದೂ ಕತ್ತರಸ್ರಿ ಅಂದ್ನಿ.” ಆಮೇಲೆ ದರ್ಜಿಯ ಕಡೆ ಮುಖ ಮಾಡಿದಳು. “ಸೀರಿ ಛಲೋ ಆಗೇತಿ, ತಮ್ಮಾ. ಆದ್ರ ಇದರಾಗ ನಾ ಎಲ್ಲಿ ಅದೀನಿ?”

ಸರ್ ಇಲ್ಲಿಗೆ ಕತೆ ನಿಲ್ಲಿಸಿದರು. ಪಕ್ಕದ ಕೋಣೆಯಲ್ಲಿ ಬೆಣ್ಣಿಹಳ್ಳ ಸದ್ದು ಮಾಡುತ್ತಿತ್ತು.

“ಆಮ್ಯಾಲೇನಾತ್ರಿ?” ಎಂದು ಕೇಳಿದಳು ನೀಲಗಂಗಾ.

“ಮಗಳು ಮತ್ತ ಬಿಚ್ಚಿಸಿದ್ಲು. ಅಕ್ಕಂದು ಬ್ಯಾರೆ, ತಂಗೀದು ಬ್ಯಾರೆ. ಎರಡೂ ಅರ್ಧಮರ್ಧ ಆದ್ವು. ಯಾವುದೂ ಉಡಾಕ ಬರಲಿಲ್ಲ.”

ನೀಲಗಂಗಾ ತನ್ನ ಪ್ರಬಂಧವನ್ನು ನೆನೆದಳು. ಒಂದು ಇಡೀ ಬರಹದ ಜಾಗದಲ್ಲಿ ಎರಡು ತೂತುತೂತಾದ ಬರಹಗಳು. ಒಂದು ಅದ್ಭುತದ ಜಾಗದಲ್ಲಿ ಎರಡು ಸಾಧಾರಣ ಜೀವಾಣುಗಳು. ಸೋಮವಾರ ಎಲ್ಲರ ಮುಂದೆ ನಿಂತು ಕರೆವ್ವ ಇಲ್ಲ ಎಂದು ಹೇಳುವ ತನ್ನ ದನಿ ಅವಳ ಕಿವಿಗೆ ಆಗಲೇ ಕೇಳಿಸಿತು. ಅವಳಿಗೆ ಅಳು ಬಂತು, ಆದರೆ ಬಾಯಲ್ಲಿ ಬಂದದ್ದು ವಾದ.

“ಆ ಚಿಗವ್ವ ಬರದಿದ್ರ ಯಾರಿಗೂ ತಿಳೀತಿರಲಿಲ್ಲಲ್ರಿ ಸರ್. ದರ್ಜಿಗೂ ಸಮಾಧಾನ, ಮಗಳಿಗೂ ಸಮಾಧಾನ. ಯಾರಿಗೆ ಏನು ಕೆಡತಿತ್ರಿ?”

ಆ ಸೋಮವಾರ ಅವಳು ಪ್ರಬಂಧ ಒಪ್ಪಿಸಲಿಲ್ಲ. ಮತ್ತೊಂದು ವರ್ಷ ಅವಳು ಆ ತಣ್ಣನೆಯ ಕೋಣೆಯಲ್ಲಿ ಕೂತು ಚೂರುಗಳನ್ನು ಒಂದೊಂದಾಗಿ ಬೇರೆ ಮಾಡಿದಳು. ಫೆಲೋಶಿಪ್ಪು ನಿಂತ ಮೇಲೆ ಬೆಳಗಿನ ಹೊತ್ತು ಒಂದು ಕಾಲೇಜಿನಲ್ಲಿ ಪಾಠ ಮಾಡಿ ಬರುತ್ತಿದ್ದಳು. ದಾವಲಸಾಬ ಪಿಎಚ್‌ಡಿ ಮುಗಿಸಿ ಹೊರಡುವ ದಿನ ತನ್ನ ಕುರ್ಚಿಯನ್ನು ಅವಳಿಗೆ ಕೊಟ್ಟು ಹೋದ, ಅದು ಬೆನ್ನನ್ನು ಅಷ್ಟು ನೋಯಿಸುವುದಿಲ್ಲ ಎಂದು. ಈಗ ತಿರುಗಿ ನೋಡಿದರೆ ಅವಳಿಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸುವುದು ಆ ಹೆಚ್ಚಿನ ವರ್ಷವೇ. ಇದೆಲ್ಲ ಆಮೇಲಿನ ಮಾತು. ಆ ಶನಿವಾರ ಅವಳಿಗೆ ಇದು ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ತಾನು ಕೇಳಿದ ಪ್ರಶ್ನೆ ಮಾತ್ರ, ಮತ್ತು ಅದಕ್ಕೆ ಉತ್ತರ ಇರಲಾರದು ಎಂಬ ಧೈರ್ಯ.

ಸರ್ ಕಾಗದದ ಪೊಟ್ಟಣ ಮಡಚಿಟ್ಟು ಅವಳ ಮುಖ ನೋಡಿದರು. ಆಮೇಲೆ ಅವರು ಆಡಿದ್ದು ಒಂದೇ ಮಾತು.

“ಆ ಮುದುಕಿಗೆ ಬಂದು ಕೇಳಾಕ ಬಾಯಿತ್ತು, ನೀಲಗಂಗಾ, ನಿನ್ನ ಮಣ್ಣಾಗಿನ ಎರಡನೇದಕ್ಕ ನಿನ್ನ ಬಿಟ್ರ ಯಾರದಾರ?”